ಕೊನೆ ಪಂಕ್ತಿಗೆ ಎಲೆ ಹಾಕುವುದಿಲ್ಲ

ರೋಮ್ ಗಣರಾಜ್ಯದಲ್ಲಿ ಬಡವನಿಗೆ ಮತವಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಧಾರಾಳವಾಗಿ ಇತ್ತು. ಹಾಕುವ ಸರದಿ ಬರುತ್ತಿರಲಿಲ್ಲ, ಅಷ್ಟೇ.

ರೋಮನ್ನು ಆಳುವ ಅತ್ಯುನ್ನತ ಅಧಿಕಾರಿಗಳಾದ ಕಾನ್ಸಲ್‌ಗಳನ್ನು ಆರಿಸುವ ಶತಕಸಭೆಯಲ್ಲಿ ತಲೆಗೊಂದು ಮತವಲ್ಲ, ಗುಂಪಿಗೊಂದು. ಒಟ್ಟು ಗುಂಪು 193. ಸರ್ಕಾರವೇ ಕುದುರೆ ಕೊಡಿಸಿದ ಸಿರಿವಂತರಿಗೆ 18, ಲಕ್ಷ ಆಸ್ ನಾಣ್ಯದಷ್ಟು ಆಸ್ತಿಯುಳ್ಳ ಮೊದಲ ವರ್ಗಕ್ಕೆ 80. ಕೆಳಗಿನ ನಾಲ್ಕು ವರ್ಗಗಳಿಗೆಲ್ಲ ಸೇರಿ 90. ಬಡಗಿ-ಕಮ್ಮಾರರಿಗೆ 2, ಕೊಂಬು-ಕಹಳೆಯವರಿಗೆ 2. ಹೆತ್ತ ಮಕ್ಕಳ ಹೊರತು ಬೇರೆ ಆಸ್ತಿಯಿಲ್ಲದ ‘ಪ್ರೊಲೆಟಾರಿ’ಗಳು ಎಷ್ಟು ಸಾವಿರವಿದ್ದರೂ 1. ಸೈನ್ಯಕ್ಕೆ ಕಹಳೆ ಊದಿದರೆ ಎರಡು, ಬರೀ ಹಸಿದಿದ್ದರೆ ಒಂದು!

ಗೆಲ್ಲಲು ಬೇಕಾದದ್ದು 97. ಕುದುರೆಯವರೂ ಮೊದಲ ವರ್ಗದವರೂ ಒಂದಾದರೆ 98. ಮತದಾನ ಸಿರಿವಂತರಿಂದ ಶುರು, ಬಹುಮತ ಬಂದೊಡನೆ ಬಂದ್. ಮೊದಲ ಪಂಕ್ತಿಯವರು ಉಂಡು ಎಲೆಯಡಿಕೆ ಮೆಲ್ಲುವ ಹೊತ್ತಿಗೆ ಅಡುಗೆಮನೆಗೆ ಬೀಗ. ಕೊನೆಯವನನ್ನು ಕರೆದಿರಲಿಲ್ಲ ಎನ್ನುವ ಹಾಗಿಲ್ಲ, ಪಟ್ಟಿಯಲ್ಲಿ ಅವನ ಹೆಸರಿದೆ.

ಕ್ರಿ.ಪೂ. 3ನೇ ಶತಮಾನದಲ್ಲಿ ಸುಧಾರಣೆಯೂ ಆಯಿತು. ಮೊದಲ ವರ್ಗಕ್ಕೆ 80 ಇದ್ದದ್ದು 70ಕ್ಕಿಳಿಯಿತು, ಎಣಿಕೆ ಎರಡನೇ ವರ್ಗದವರೆಗೆ ಬಂತು. ಜೊತೆಗೆ ಹೊಸದೊಂದು ಏರ್ಪಾಡು: ಚೀಟಿ ಎತ್ತಿ ಒಂದು ಗುಂಪಿನಿಂದ ಮೊದಲು ಮತ ಹಾಕಿಸಿ, ಫಲಿತಾಂಶವನ್ನು ಅಲ್ಲೇ ಸಾರುವುದು. ಚೀಟಿ ಎತ್ತುವವನು ದೇವರು, ಆದ್ದರಿಂದ ಅದು ಶಕುನ. ಉಳಿದವರು ಅದನ್ನೇ ಹಿಂಬಾಲಿಸುತ್ತಿದ್ದರು. ಮೊದಲ ವರ್ಗದ ಗುಂಪುಗಳ ಚೀಟಿಗಳನ್ನಷ್ಟೇ ಹಾಕಿದ್ದರಿಂದ ದೇವರಿಗೂ ಹೆಚ್ಚು ಆಯ್ಕೆಯಿರಲಿಲ್ಲ.

ಮತದಾರರನ್ನು ನಿಲ್ಲಿಸುವ ಬೇಲಿಯ ಹೆಸರು ‘ಒವಿಲೆ’, ಅಂದರೆ ಕುರಿದೊಡ್ಡಿ. ಹೆಸರಿನಲ್ಲಾದರೂ ಪ್ರಾಮಾಣಿಕತೆ ಇತ್ತು. ಅಲ್ಲಿಂದ ಕಿರುಸೇತುವೆ ದಾಟಿ ಮತ ಹೇಳಬೇಕು. ಕ್ರಿ.ಪೂ. 139ರಲ್ಲಿ ಗುಪ್ತ ಮತದಾನಕ್ಕೆಂದು ಮೇಣದ ಹಲಗೆ ಬಂತು. ಸೇತುವೆ ಮೇಲೆ ನಿಂತು ಅದರಲ್ಲಿ ಇಣುಕುವ ‘ಹಿತೈಷಿ’ಗಳೂ ಬಂದರು. ಕೊನೆಗೆ 119ರಲ್ಲಿ ಜನಸಾಮಾನ್ಯರ ಪ್ರತಿನಿಧಿಯಾಗಿದ್ದ (ಟ್ರಿಬ್ಯೂನ್) ಮಾರಿಯಸ್ ಸೇತುವೆಯನ್ನೇ ಕಿರಿದು ಮಾಡಿಸಬೇಕಾಯಿತು.

ಇಷ್ಟಾಗಿಯೂ ಎಡವಟ್ಟಾಗುವಂತಿದ್ದರೆ ಜನಿಕ್ಯುಲಮ್ ಗುಡ್ಡದ ಬಾವುಟ ಇದ್ದೇ ಇತ್ತು. ಅದು ಇಳಿದರೆ ಶತ್ರು ಬಂದನೆಂದರ್ಥ, ಸಭೆ ಬರ್ಖಾಸ್ತು. ಕ್ರಿ.ಪೂ. 63ರಲ್ಲಿ ಇದೇ ಸಭೆಯಲ್ಲಿ ನಡೆಯುತ್ತಿದ್ದ ಸೆನೆಟರ್ ರಬೀರಿಯಸ್‌ನ ವಿಚಾರಣೆ ನಿಲ್ಲಿಸಲು ಅದನ್ನು ಇಳಿಸಿದರು. ಹಳೆಯ ಶತ್ರುಗಳಾದ ಎಟ್ರುಸ್ಕನ್ನರು ಅಷ್ಟರಲ್ಲಿ ರೋಮಿನ ಪ್ರಜೆಗಳೇ ಆಗಿದ್ದರು.

ಸೀಸರ್ ಈ ದೊಡ್ಡಿಗೆ ಅಮೃತಶಿಲೆ ಹೊದಿಸಲು ಹೊರಟ, ಕ್ರಿ.ಪೂ. 26ರಲ್ಲಿ ಚಕ್ರವರ್ತಿ ಅಗಸ್ಟಸ್‌ನ ಬಲಗೈ ಬಂಟ ಅಗ್ರಿಪ್ಪ ಮುಗಿಸಿದ. ಕ್ರಿ.ಶ. 14ರಲ್ಲಿ ಚಕ್ರವರ್ತಿ ಟೈಬೀರಿಯಸ್ ಚುನಾವಣೆಯನ್ನೇ ಗಣ್ಯರ ಸಭೆಯಾದ ಸೆನೆಟ್ಟಿಗೆ ಸಾಗಿಸಿದ. ದೊಡ್ಡಿಯಲ್ಲಿ ಆಮೇಲೆ ದಂತ, ದುಬಾರಿ ಮೇಜು ಮಾರುವ ಅಂಗಡಿಗಳು ಬಂದವು.