ಪಾಪದ ಗಿಡ

ನಿನ್ನೆ ಸಂಜೆ ಆಫೀಸಿನಿಂದ ಬಂದು ತಾರಸಿ ಹತ್ತಿದರೆ ನನ್ನ ಬೋನ್ಸಾಯ್ ತಟ್ಟೆ ಖಾಲಿ. ಉಂಡು ತೊಳೆದಿಟ್ಟ ತಟ್ಟೆ ಥರ ಬೋರಲು ಹಾಕಿದ್ದಾರೆ!

ಊರಿಂದ ದೊಡ್ಡಪ್ಪ ಬಂದಿದ್ದಾರೆ ಅನ್ನೋದು ಬೆಳಗ್ಗೆಯೇ ತಲೆಯಲ್ಲಿರಬೇಕಿತ್ತು.

ಅದೊಂದು ಬಸರಿ ಗಿಡ, ಆಲ-ಅರಳಿಯ ಜಾತಿಯದು. ಸಾಗರದ ಹತ್ತಿರ ಅವರದೇ ಮನೆಯ ಬಾವಿಕಟ್ಟೆ ಬಿರುಕಿನಲ್ಲಿ ಹಕ್ಕಿ ಹಿಕ್ಕೆಯಿಂದ ಹುಟ್ಟಿದ್ದು. ನಾಲ್ಕು ವರ್ಷದ ಹಿಂದೆ, ಮಳೆ ಹಿಡಿದ ಮೇಲೆ, ಉಳಿಯಲ್ಲಿ ಮೀಟಿ ತೆಗೆದೆ. ಕಾಂಡವನ್ನು ಗೇಣುದ್ದಕ್ಕೆ ಕತ್ತರಿಸಿದಾಗ ಹಾಲು ಸುರಿಯಿತು. ದೊಡ್ಡಪ್ಪ ಮುಖ ತಿರುಗಿಸಿದರು. ಆಮೇಲೆ ಇಟ್ಟಿಗೆ ಚೂರು, ದಪ್ಪ ಮರಳು ಜರಡಿ ಹಿಡಿದಿದ್ದು (ನಮ್ಮ ಮಳೆಗೆ ಬರೀ ಮಣ್ಣು ತುಂಬಿದರೆ ಬೇರು ಕೊಳೆತೇ ಹೋಗುತ್ತೆ), ಕೊಂಬೆಗೆ ಅಲ್ಯೂಮಿನಿಯಂ ತಂತಿ ಸುತ್ತಿದ್ದು, ಅದು ತೊಗಟೆ ಕಚ್ಚುವ ಮೊದಲು ಬಿಚ್ಚಿ ಮತ್ತೆ ಸುತ್ತಿದ್ದು, ಇಷ್ಟೆಲ್ಲ ಆಗಿ ಈ ವರ್ಷ ಅದು ಮರದ ಥರ ಕಾಣಿಸುತ್ತಿತ್ತು. ಸ್ವಲ್ಪ ಕಣ್ಣು ಕಿರಿದು ಮಾಡಿದರೆ.

ದೊಡ್ಡಪ್ಪನಿಗೆ ಮಾತ್ರ ಅದು ಯಾವತ್ತೂ 'ಪಾಪ'. ಅಡಿಕೆ ತೋಟ ಮಾಡಿದ ಜೀವ ಅಲ್ವಾ. "ಪಾಪ, ಎಂತಕ್ಕೆ ಮಾರಾಯ ಅದನ್ನ ಉಪವಾಸ ಕೆಡವಿದ್ದೀಯ?" ಅಂತ ಒಂದು ಸಲ ಸಗಣಿ ನೀರು ಹೊಯ್ದರು. ಇನ್ನೊಂದು ಸಲ ನನ್ನ ಪಾಲಿನ ಮಜ್ಜಿಗೆ. ಕೇಳಿದರೆ, "ನೀ ಕುಡೀಲಿಲ್ಲ, ಅದು ಕುಡೀತು." ಜಪಾನಿನಲ್ಲಿ ನೂರಾರು ವರ್ಷದ ಬೋನ್ಸಾಯ್ ಇವೆ ಅಂತ ಫೋನಿನಲ್ಲಿ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. "ನೂರು ವರ್ಷ ಆಗಿಯೂ ಇಷ್ಟೇನಾ? ಪಾಪ."

"ದೊಡ್ಡಪ್ಪ, ಗಿಡ ಎಲ್ಲಿ?"

"ನೆಲಕ್ಕೆ ಹಾಕಿದೆ."

"ತಂತಿ?"

"ಬಚ್ಚಲ ಪೈಪು ಕಟ್ಟಿತ್ತಲ್ಲ, ಅದಕ್ಕೆ ಬಿಟ್ಟು ಎಳೆದೆ. ಒಳ್ಳೇ ತಂತಿ."

ಆ ಪೈಪಿನ ಬಗ್ಗೆ ಹೆಂಡತಿ ನನಗೆ ಒಂದು ತಿಂಗಳಿಂದ ಹೇಳುತ್ತಿದ್ದಳು. ಹಾಗಾಗಿ ಅವಳು ಯಾರ ಕಡೆ ಅಂತ ಕೇಳೋದೇ ಬೇಡ. ದೊಡ್ಡಪ್ಪನಿಗೆ ಆಗಲೇ ಎರಡನೇ ಸಲ ಕಾಫಿ ಬಂದಿತ್ತು.

ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅವರು ಲೋಟ ಕೆಳಗಿಟ್ಟು, "ಕಿತ್ತು ತಂದಿದ್ದನ್ನ ನೆಲಕ್ಕೆ ಹಾಕ್ಬೇಕು ಮಾರಾಯ" ಅಂದರು, ಅಷ್ಟೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತೋಟ ಮುಚ್ಚಿದಾಗ ಅವರಿಗೆ ಎಂಟು ವರ್ಷ. ಲಾರಿಯಲ್ಲಿ ಪಾತ್ರೆ, ಒಂದು ಕರು, ಒಂದಷ್ಟು ಅಡಿಕೆ ಸಸಿ ಹೇರಿಕೊಂಡು ಬಂದಿದ್ದರಂತೆ. ಸಸಿ ಒಂದೂ ಬದುಕಲಿಲ್ಲವಂತೆ.

ರಾತ್ರಿ ಬೋನ್ಸಾಯ್ ಹುಚ್ಚಿನ ಗೆಳೆಯನಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. ಅವನು ಖುಷಿಯಾಗಿಬಿಟ್ಟ. "ಒಳ್ಳೇದೇ ಆಯ್ತು! ನಿನ್ನ ಗಿಡದ ಬುಡ ಬೆರಳಷ್ಟಿತ್ತು. ತಟ್ಟೆಯಲ್ಲಿ ಅದು ದಪ್ಪ ಆಗಲ್ಲ, ಎರಡು ವರ್ಷ ನೆಲದಲ್ಲಿ ಬಿಡು ಅಂತ ನಾನೇ ಹೇಳಿರಲಿಲ್ವಾ?" ಹೇಳಿದ್ದ. ಅದಕ್ಕೇ ಇನ್ನೂ ಜಾಸ್ತಿ ಸಿಟ್ಟು ಬಂತು.

ಬೆಳಗ್ಗೆ ಕೊಡೆ ಹಿಡಿದು ನೋಡಲು ಹೋದೆ. ಶಿವಮೊಗ್ಗದ 30-40ರ ಸೈಟಿನಲ್ಲಿ ನೆಲ ಅಂತ ಉಳಿದಿರೋದೇ ಕಾಂಪೌಂಡ್ ಪಕ್ಕದ ಎರಡಡಿ. ಗಿಡ ನೆಟ್ಟಗೆ ನಿಂತಿತ್ತು, ಬುಡಕ್ಕೆ ಒಂದು ಬುಟ್ಟಿ ಗೊಬ್ಬರ, ಪಕ್ಕಕ್ಕೆ ಆಸರೆ ಕೋಲು. ನೀರಿನ ಸಂಪಿನಿಂದ ಸರಿಯಾಗಿ ಒಂದು ಗೇಣು ದೂರ. ಬಾವಿಕಟ್ಟೆ ಸೀಳಿದ ಗಿಡ!

"ದೊಡ್ಡಪ್ಪಾ, ಇಲ್ಲೇ ಯಾಕೆ?"

"ನೀರು ಹತ್ರ ಇರ್ಲಿ ಅಂತ. ಪಾಪ."