ಹದಿನಾರು ಮನೆ

ಕಂಪ್ಯೂಟರಿನಲ್ಲಿ ಡ್ರಮ್ ಬಾರಿಸೋಕೆ ಕೋಲು ಬೇಡ, ಮೌಸ್ ಇದ್ದರೆ ಸಾಕು. ಪರದೆಯ ಮೇಲೆ ಚೌಕಾಬಾರದ ಹಾಗೆ ಮನೆಗಳು, ಒಂದು ಸಾಲಿಗೆ ಹದಿನಾರು. ಒಂದು ಸಾಲು ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ಮಿಗೆ, ಅಂದರೆ ಕಿಕ್ಕಿಗೆ, ಒಂದು ಚಟ್ ಅನ್ನೋ ಸ್ನೇರ್‌ಗೆ, ಇನ್ನೊಂದು ಲೋಹದ ಜೋಡಿ ತಟ್ಟೆ ಹೈ ಹ್ಯಾಟ್‌ಗೆ. ಒತ್ತಿದ ಮನೆಯಲ್ಲಿ ಸದ್ದು, ಒತ್ತದಿದ್ದರೆ ಖಾಲಿ. 1, 5, 9, 13ನೇ ಮನೆಗೆ ಕಿಕ್ ಇಟ್ಟು, 5 ಮತ್ತು 13ಕ್ಕೆ ಸ್ನೇರ್ ಸೇರಿಸಿದರೆ ಡಬ್ ಡಬ್ ಅಂತ ಕುಣಿಯೋ ಸಂಗೀತ ಶುರು. ಯಾರಿಗೆ ಬೇಕಾದರೂ ಬರುತ್ತದೆ. ಅದಕ್ಕೇ ಎಲ್ಲರದ್ದೂ ಒಂದೇ ಥರ ಕೇಳಿಸುತ್ತದೆ.

ಯಾರೋ ಮೊದಲೇ ಬಾರಿಸಿಟ್ಟ ತುಣುಕುಗಳು, ಅಂದರೆ ರೆಡಿ ಲೂಪ್‌ಗಳು ನೆಟ್ಟಿನಲ್ಲಿ ರಾಶಿ ರಾಶಿ ಸಿಗುತ್ತವೆ. ಎಳೆದು ಹಾಕಿದರೆ ಮುಗೀತು. ಅವು ಚೆನ್ನಾಗಿಲ್ಲ ಅಂತಲ್ಲ, ಎಷ್ಟೋ ಸಲ ನಾನು ಮಾಡಿದ್ದಕ್ಕಿಂತ ಚೆನ್ನಾಗಿರುತ್ತವೆ. ಆದರೆ ಹಾಡಿನ ಮಧ್ಯೆ ಒಂದೇ ಒಂದು ಕಿಕ್ ತೆಗೆದು ನೋಡೋಣ ಅನ್ನಿಸಿದರೆ ಅಲ್ಲಿ ಕತ್ತರಿ ಹಿಡಿದು ಕೂರಬೇಕು. ಇಲ್ಲಿ ಒಂದು ಕ್ಲಿಕ್. ನಾನು ಬಳಸುವುದು ಹೈಡ್ರೋಜನ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್. ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಯಾರ ತಂಟೆಯೂ ಇಲ್ಲ.

ಈ ಹದಿನಾರರ ಲೆಕ್ಕ ಹೆಸರು ಮಾಡಿದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಮೆಷಿನ್ನಿನಿಂದ. 1980ರಲ್ಲಿ ಬಂತು. ಕೆಳಗಡೆ ಸಾಲಾಗಿ ಹದಿನಾರು ಗುಂಡಿ, ನಾಲ್ಕು ನಾಲ್ಕಕ್ಕೆ ಒಂದೊಂದು ಬಣ್ಣ: ಕೆಂಪು, ಕಿತ್ತಳೆ, ಹಳದಿ, ಬಿಳಿ. ಒಳಗೆ ನಿಜವಾದ ಡ್ರಮ್ಮಿನ ರೆಕಾರ್ಡಿಂಗ್ ಒಂದೂ ಇಲ್ಲ, ಎಲ್ಲ ಸರ್ಕ್ಯೂಟಿನಿಂದ ಹುಟ್ಟಿಸಿದ ಸದ್ದು. ಇದು ಡ್ರಮ್ ಥರಾನೇ ಇಲ್ಲ ಅಂತ ಆಗ ಬಹಳ ಜನ ಮೂಗು ಮುರಿದರು. 1983ರ ಹೊತ್ತಿಗೆ ತಯಾರಿಕೆ ನಿಂತೇ ಹೋಯಿತು. ಆಮೇಲೆ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಪೆಟ್ಟಿಗೆಗಳನ್ನು ಅಮೆರಿಕದ ಹಿಪ್ ಹಾಪ್ ಹುಡುಗರು, ಟೆಕ್ನೋ ಹುಡುಗರು ಎತ್ತಿಕೊಂಡು ಹೋದರು. ಮುಂಬೈನ ಚರಣ್‌ಜಿತ್ ಸಿಂಗ್ ಅವರಂತೂ ಅದಕ್ಕೆ ಮುಂಚೆಯೇ, 1982ರಲ್ಲಿ, ಇದೇ 808ರ ತಾಳದ ಮೇಲೆ ರಾಗಗಳನ್ನು ನುಡಿಸಿ ರೆಕಾರ್ಡ್ ಮಾಡಿದ್ದರು. ಆಗ ಅದನ್ನು ಕೇಳಿದವರು ಕಡಿಮೆ. ಈಗ ವಿದೇಶದವರು ಹುಡುಕಿ ಹುಡುಕಿ ಕೇಳುತ್ತಾರೆ.

ಕೊನ್ನಕೋಲು, ಅಂದರೆ ತಾಳವನ್ನು ಬಾಯಲ್ಲೇ ಹೇಳೋ ಕಲೆ, ಕಿವಿಗೆ ಬಿದ್ದವರಿಗೆ ಹದಿನಾರನ್ನು ಒಡೆಯುವುದು ಕಷ್ಟವೇ ಅಲ್ಲ. ತಕಧಿಮಿ ನಾಲ್ಕು ಸಲ ಅಂದರೆ ಹದಿನಾರು. ತಕಿಟ ತಕಿಟ ತಕಿಟ ತಕಿಟ ತಕಧಿಮಿ, ಇದೂ ಹದಿನಾರೇ. ಪ್ರತಿ ಗುಂಪಿನ 'ತ'ಗೆ ಮಾತ್ರ ಕಿಕ್ ಇಟ್ಟು ನೋಡಿ. 1, 4, 7, 10, 13. ಸ್ನೇರ್ ಪಾಪ ತನ್ನ ಪಾಡಿಗೆ 5, 13ರಲ್ಲೇ ಇರಲಿ. ಮೊದಲು ಇಬ್ಬರಿಗೂ ಜಗಳ ಆದ ಹಾಗೆ ಕೇಳಿಸುತ್ತದೆ. ಕಿಕ್ ನಾಲ್ಕಕ್ಕೇ ನುಗ್ಗಿಬಿಡುತ್ತೆ, ಸ್ನೇರ್ ಐದಕ್ಕೆ ಬರುತ್ತೆ. ಹದಿಮೂರರಲ್ಲಿ ಇಬ್ಬರೂ ಒಟ್ಟಿಗೆ ಬೀಳುತ್ತಾರೆ. ಆ ಒಂದು ಮನೆಗೋಸ್ಕರ ತಲೆ ತಾನಾಗಿ ಆಡುತ್ತದೆ. ಹುಮ್ಮಸ್ಸು ಬಂದರೆ ಹೈ ಹ್ಯಾಟ್ ಸಾಲನ್ನು ಹದಿನಾಲ್ಕು ಮನೆಗೆ ಇಳಿಸಬಹುದು, ಏಳೆಣಿಕೆಯ ಮಿಶ್ರ ಛಾಪು ತಾಳ ಎರಡು ಸಲ. ಹದಿನಾರರ ಸಾಲು ಏಳು ಸುತ್ತು ಹಾಕುವಷ್ಟರಲ್ಲಿ ಇದು ಎಂಟು ಸುತ್ತು ಮುಗಿಸಿ ಮತ್ತೆ ಜೊತೆಗೆ ನಿಲ್ಲುತ್ತದೆ. ಕುಣಿಯೋರಿಗೆ ಇದೆಲ್ಲ ಬೇಕಾ ಅಂದರೆ ಬೇಡ. ಮಾಡೋರಿಗೆ ಬೇಕು.

ಆದರೆ ನಿಜವಾದ ಕೆಲಸ ಎಲ್ಲಿ ಇಡಬೇಕು ಅನ್ನುವುದರಲ್ಲಿಲ್ಲ. ಎಷ್ಟು ಜೋರಾಗಿ, ಎಷ್ಟು ತಡವಾಗಿ ಅನ್ನುವುದರಲ್ಲಿದೆ. ಸಂಗೀತದ ಯಂತ್ರಗಳು ಮಾತಾಡಿಕೊಳ್ಳೋ ಮಿಡಿ ಭಾಷೆಯ ಲೆಕ್ಕದಲ್ಲಿ ಪ್ರತಿ ಏಟಿನ ಜೋರು 127ರವರೆಗೆ ಇರಬಹುದು. ಎಲ್ಲ ಹೈ ಹ್ಯಾಟನ್ನೂ 100ಕ್ಕೆ ಇಟ್ಟರೆ ಎರಡೇ ನಿಮಿಷದಲ್ಲಿ ತಲೆನೋವು. ಅದನ್ನೇ 95, 50, 72, 45 ಅಂತ ಇಳಿಸಿ ಏರಿಸಿದರೆ ಅದೇ ಸಾಲು ನಡೆಯೋಕೆ ಶುರು ಮಾಡುತ್ತದೆ. ಎಂಟನೇ ಮನೆಯಲ್ಲಿ 30ರಷ್ಟು ಮೆತ್ತಗೆ ಒಂದು ಸ್ನೇರ್ ಇಡಿ. ಇದೆ ಅಂತ ಗೊತ್ತಾಗುವುದಿಲ್ಲ, ತೆಗೆದರೆ ಗೊತ್ತಾಗುತ್ತದೆ.

ಇನ್ನು ತಡ. ನಿಮಿಷಕ್ಕೆ 120 ಏಟಿನ ವೇಗದಲ್ಲಿ ಒಂದೊಂದು ಮನೆ 125 ಮಿಲಿಸೆಕೆಂಡ್. 1980ರಲ್ಲೇ ರೋಜರ್ ಲಿನ್ ಅನ್ನುವವರು ತಮ್ಮ ಎಲ್‌ಎಂ-1 ಡ್ರಮ್ ಮೆಷಿನ್ನಿನಲ್ಲಿ ಸಮಸಂಖ್ಯೆಯ ಮನೆಗಳನ್ನು ಚೂರು ತಡ ಮಾಡುವ ಸೌಲಭ್ಯ ಇಟ್ಟಿದ್ದರು. ಅದಕ್ಕೆ ಸ್ವಿಂಗ್ ಅಂತಾರೆ. ಎರಡು ಮನೆಯ ಹೊತ್ತಿನಲ್ಲಿ ಶೇಕಡಾ ಎಷ್ಟು ಕಳೆದ ಮೇಲೆ ಎರಡನೇ ಏಟು ಬೀಳುತ್ತದೆ ಅನ್ನುವುದೇ ಲೆಕ್ಕ. 50 ಅಂದರೆ ನೆಟ್ಟಗೆ. ಈ ವೇಗದಲ್ಲಿ 58 ಅಂದರೆ 20 ಮಿಲಿಸೆಕೆಂಡ್ ತಡ. ಕಣ್ಣು ಮಿಟುಕಿಸೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆದರೂ ಕಾಲಿಗೆ ತಿಳಿಯುತ್ತದೆ.

ಹೈಡ್ರೋಜನ್‌ನಲ್ಲಿ ಮನುಷ್ಯರು ಬಾರಿಸಿದ ಹಾಗೆ ಕೇಳಿಸೋಕೆ ಹ್ಯೂಮನೈಸ್ ಅಂತ ಬೇರೆ ಗುಂಡಿಗಳಿವೆ. ತಿರುಗಿಸಿದರೆ ಏಟುಗಳು ಸುಮ್ನೆ ಆ ಕಡೆ ಈ ಕಡೆ ಜಾರುತ್ತವೆ, ಒಂದು ಮುಂದೆ, ಒಂದು ಹಿಂದೆ, ಲಾಟರಿ ಎತ್ತಿದ ಹಾಗೆ. ಮನುಷ್ಯರು ಹಾಗೆ ಬಾರಿಸುತ್ತಾರಾ? ಗಣಪತಿ ಬಿಡುವ ದಿನ ತಮಟೆಯವರನ್ನು ಹತ್ತಿರ ನಿಂತು ನೋಡಬೇಕು. ಚರ್ಮವನ್ನು ಬೆಂಕಿಗೆ ಕಾಯಿಸಿ, ಒಂದು ಸಲ ಬೆರಳಲ್ಲಿ ತಟ್ಟಿ ನೋಡಿ, ಶುರು ಮಾಡುತ್ತಾರೆ. ಕುಣಿಯೋ ಹುಡುಗರು ಸುಸ್ತಾದರೆ ಒಬ್ಬ ಬೇಕಂತಲೇ ಏಟನ್ನು ಮುಂದಕ್ಕೆ ತಳ್ಳುತ್ತಾನೆ. ಉಳಿದವರು ಅವನ ಮುಖ ನೋಡಿ ಸೇರಿಕೊಳ್ಳುತ್ತಾರೆ. ಅವರು ಹಿಂದೆ ಮುಂದೆ ಆಗುವುದಕ್ಕೆ ಎದುರಿಗೇ ಕಾರಣ ಇರುತ್ತದೆ. ಗುಂಡಿಗೆ ಯಾವ ಕಾರಣ?

ಹಾಗಾಗಿ ಆ ಗುಂಡಿಗಳನ್ನು ಸೊನ್ನೆಯಲ್ಲೇ ಬಿಟ್ಟಿದ್ದೇನೆ. ಬದಲಿಗೆ ಒಂದೊಂದೇ ಏಟನ್ನು ಹಿಂದೆ ಮುಂದೆ ಸರಿಸುವ ಲೀಡ್-ಲ್ಯಾಗ್ ತೆಗೆದು ಚಪ್ಪಾಳೆಯನ್ನು ಕೈಯಾರೆ ಕೊಂಚ ಹಿಂದಕ್ಕೆ ಎಳೆಯುತ್ತೇನೆ. ಪ್ರತಿ ಸಲವೂ ಅಷ್ಟೇ ಹಿಂದಕ್ಕೆ. ಸೋಮಾರಿತನದಲ್ಲೂ ಒಂದು ಶಿಸ್ತು ಬೇಕಲ್ವಾ.

ಇಷ್ಟೆಲ್ಲ ಮಾಡಿ ಟ್ರ್ಯಾಕನ್ನು ವಾಟ್ಸಾಪಿನಲ್ಲಿ ಅಕ್ಕನ ಮಗನಿಗೆ ಕಳಿಸಿದೆ. ಅದರಲ್ಲಿ ಹಾಕಿದ್ದ 808ರ ಕಿಕ್ಕಿನ ಬುಡ ಇರುವುದು ಸುಮಾರು 50 ಹರ್ಟ್ಜ್‌ನಲ್ಲಿ. ಅಷ್ಟು ಕೆಳಗಿನ ಸದ್ದು ಮೊಬೈಲಿನ ಪುಟ್ಟ ಸ್ಪೀಕರಿಗೆ ಎಟುಕುವುದಿಲ್ಲ. ಅವನು ಪೂರ್ತಿ ಕೇಳಿ ಫೋನ್ ಮಾಡಿದ. "ಟ್ಯೂನ್ ಸೂಪರ್ ಮಾಮ. ಡ್ರಮ್ ಯಾವಾಗ ಹಾಕ್ತೀರಾ?"

ಈಗ ಕಿಕ್ಕಿಗೆ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಸ್ವಲ್ಪ ಹಚ್ಚುತ್ತಿದ್ದೇನೆ. ಮೇಲಿನ ಸ್ವರಗಳು ಎದ್ದರೆ ಮೊಬೈಲಿನಲ್ಲೂ ಏಟು ಕೇಳಿಸುತ್ತದೆ. ಜಾಸ್ತಿ ಆದರೆ ಹೆಡ್‌ಫೋನಿನಲ್ಲಿ ಗೊರ ಗೊರ ಅನ್ನುತ್ತದೆ. ಇವತ್ತು ರಾತ್ರಿ ಅದೇ ಕೆಲಸ.