ಪರ್ಲ್ ಮಾಡ್ಯೂಲ್‌ಗೆ 'ಫೋರ್ಸ್' ಮದ್ದಲ್ಲ

'ಲಿನಕ್ಸ್‌ನಲ್ಲಿ ಪರ್ಲ್ ಮಾಡ್ಯೂಲ್ ಸ್ಥಾಪನೆ ವಿಫಲವಾದರೆ ಸಿಪ್ಯಾನ್‌ಗೆ ಫೋರ್ಸ್ ಆಯ್ಕೆ ಕೊಟ್ಟು ರೂಟ್ ಆಗಿ ಓಡಿಸಿ, ಸಾಕು' ಎಂಬ ಸಲಹೆ ಹರಿದಾಡುತ್ತಿದೆ. (ಪರ್ಲ್ ಒಂದು ಪ್ರೋಗ್ರಾಮಿಂಗ್ ಭಾಷೆ; ಮಾಡ್ಯೂಲ್ ಎಂದರೆ ಅದಕ್ಕೆ ಸೇರಿಸಿಕೊಳ್ಳುವ ಸಿದ್ಧ ಕೋಡ್; ಸಿಪ್ಯಾನ್ ಮಾಡ್ಯೂಲ್‌ಗಳನ್ನು ತಂದು ಸ್ಥಾಪಿಸುವ ಉಪಕರಣ; ರೂಟ್ ಎಂದರೆ ಎಲ್ಲ ಅಧಿಕಾರವೂ ಇರುವ ನಿರ್ವಾಹಕ ಖಾತೆ.) ಇದು ತಪ್ಪು. ಹೊಸದಾಗಿ ಕಲಿಯುವವರನ್ನು ದಾರಿ ತಪ್ಪಿಸುವಂಥದ್ದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ಫೋರ್ಸ್ ಮಾಡುವುದು ಇಷ್ಟೇ: ಪರೀಕ್ಷೆಗಳು ಸೋತರೂ ಸ್ಥಾಪನೆಯನ್ನು ಮುಂದುವರಿಸುತ್ತದೆ. ಇಲ್ಲದ ಲೈಬ್ರರಿಯನ್ನು (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಅದು ಎಲ್ಲಿಂದಲೂ ತರುವುದಿಲ್ಲ.

ಎಕ್ಸ್‌ಎಂಎಲ್::ಪಾರ್ಸರ್ ಅನ್ನೇ ನೋಡಿ; ಎಕ್ಸ್‌ಎಂಎಲ್ ಕಡತಗಳನ್ನು ಓದುವ ಮಾಡ್ಯೂಲ್ ಇದು. ಅದರ ಒಂದು ಭಾಗ ಸಿ ಭಾಷೆಯಲ್ಲಿದ್ದು, ಎಕ್ಸ್‌ಪ್ಯಾಟ್ ಲೈಬ್ರರಿಯನ್ನು ನೆಚ್ಚಿಕೊಂಡಿದೆ. ಸಿಪ್ಯಾನ್ ಬೇಕಾದ ಇತರ ಪರ್ಲ್ ಮಾಡ್ಯೂಲ್‌ಗಳನ್ನು ತಾನೇ ತರುತ್ತದೆ. ಸಿ ಲೈಬ್ರರಿಯನ್ನು ಸಾಮಾನ್ಯವಾಗಿ ತರುವುದಿಲ್ಲ. ಎಕ್ಸ್‌ಪ್ಯಾಟ್ ಇದ್ದರೂ ಹೆಡರ್ ಕಡತಗಳಿಲ್ಲದಿದ್ದರೆ (ಲೈಬ್ರರಿಯನ್ನು ಬಳಸುವ ಬಗೆಯನ್ನು ಕಂಪೈಲರ್‌ಗೆ ತಿಳಿಸುವ ಕಡತಗಳು) ಮಾಡ್ಯೂಲ್ ಕಂಪೈಲ್ ಆಗದು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ಬಾರದು. ಬಹಳ ಜನ ಎಡವುವುದು ಇಲ್ಲಿಯೇ. ಲಿನಕ್ಸ್‌ನ ಉಬುಂಟು, ಡೆಬಿಯನ್ ಆವೃತ್ತಿಗಳಲ್ಲಿ ಹೆಡರ್‌ಗಳು 'ಲಿಬ್‌ಎಕ್ಸ್‌ಪ್ಯಾಟ್1-ಡೆವ್' ಪ್ಯಾಕೇಜಿನಲ್ಲಿವೆ, ಫೆಡೋರಾದಲ್ಲಿ 'ಎಕ್ಸ್‌ಪ್ಯಾಟ್-ಡೆವೆಲ್'ನಲ್ಲಿ. ಜೊತೆಗೆ ಜಿಸಿಸಿ (ಸಿ ಕಂಪೈಲರ್) ಮತ್ತು ಮೇಕ್ (ಕಂಪೈಲ್ ಹಂತಗಳನ್ನು ನಡೆಸುವ ಉಪಕರಣ) ಬೇಕು.

ಅದಕ್ಕಿಂತ ಸುಲಭದ ದಾರಿಯೂ ಇದೆ. ಡೆಬಿಯನ್‌ನಲ್ಲಿ ಮಾಡ್ಯೂಲಿನ ಹೆಸರನ್ನು ಸಣ್ಣಕ್ಷರಗಳಲ್ಲಿ ಬರೆದು, '::' ಜಾಗದಲ್ಲಿ ಅಡ್ಡಗೆರೆ ಹಾಕಿ, ಆರಂಭಕ್ಕೆ 'ಲಿಬ್', ಕೊನೆಗೆ '-ಪರ್ಲ್' ಸೇರಿಸಿದರೆ ಬಹುಪಾಲು ಪ್ಯಾಕೇಜಿನ ಹೆಸರು ಸಿಗುತ್ತದೆ: 'ಲಿಬ್‌ಎಕ್ಸ್‌ಎಂಎಲ್-ಪಾರ್ಸರ್-ಪರ್ಲ್'. ಡೆಬಿಯನ್‌ನ ಪ್ಯಾಕೇಜ್ ಉಪಕರಣವಾದ ಆಪ್ಟ್ ಮೂಲಕ ಅದನ್ನು ಹಾಕಿದರೆ ಅವಲಂಬನೆಗಳೆಲ್ಲ ತಾವಾಗಿಯೇ ಬರುತ್ತವೆ, ಕಂಪೈಲ್ ಮಾಡುವ ಕೆಲಸವೇ ಇಲ್ಲ.

ರೂಟ್ ಆಗಿ ಸಿಪ್ಯಾನ್ ಓಡಿಸುವುದಂತೂ ಬೇಡ. ಹಾಗೆ ಹಾಕಿದ ಮಾಡ್ಯೂಲನ್ನು ವ್ಯವಸ್ಥೆಯ ಪರ್ಲ್ ತನ್ನದಕ್ಕಿಂತ ಮೊದಲು ಓದಬಹುದು. ಆಗ ಬೇರೆ ಉಪಕರಣಗಳು ಕೆಡಬಹುದು. ಪ್ಯಾಕೇಜ್ ಸಿಗದಿದ್ದರೆ ಲೋಕಲ್::ಲಿಬ್ ಎಂಬ ಮಾಡ್ಯೂಲ್ ಬಳಸಿ, ನಿಮ್ಮ ಹೋಮ್ ಡೈರೆಕ್ಟರಿಯೊಳಗೇ ಸ್ಥಾಪಿಸಿಕೊಳ್ಳಿ.